ಅರ್ಧ ಗಾಜು ನೀರು

ಹೋದ ತಿಂಗಳು ನಮ್ಮ ಓಣಿಯ ಇಬ್ಬರು ಹುಡುಗರು ಮನೆಗೆ ಬಂದಿದ್ದರು. ಇಬ್ಬರೂ ಅಣು ವಿದ್ಯುತ್ ಸ್ಥಾವರವೊಂದರಲ್ಲಿ ತರಬೇತಿಗೆ ಆಯ್ಕೆಯಾಗಿದ್ದಾರೆ. ಊರು ಬಿಡುವ ಮುಂಚೆ ಹಿರಿಯರಿಗೆ ನಮಸ್ಕಾರ ಮಾಡಿ ಬನ್ನಿ ಎಂದು ಮನೆಯವರು ಕಳಿಸಿದ್ದರು. ನಮಸ್ಕಾರ ಮುಗಿಸಿ ಹಾಗೇ ಎದ್ದು ಹೋಗಿದ್ದರೆ ಬಚಾವಾಗುತ್ತಿದ್ದರು. ಆದರೆ ನಾನು ಬಾಯ್ಲರ್ ಮುಂದೆ ಆಯುಷ್ಯ ಕಳೆದವನು. ಅದೇ ಕಸುಬಿನ ಮಾತಾಡುವವರು ಈಗ ಸಿಗುವುದೇ ಅಪರೂಪ. ಕೈ ಹಿಡಿದು ಕೂಡಿಸಿಕೊಂಡೆ.

ಅವರ ಚೀಲದಲ್ಲಿ ಓದುವ ಹಾಳೆಗಳಿದ್ದವು. ಯಾವುದೋ ಹೊರದೇಶದ ಅಣು ಸ್ಥಾವರದಲ್ಲಿ ಆದ ಅಪಘಾತದ ಪಾಠ. ಒಬ್ಬ ಹುಡುಗ ನನಗೆ ತಿಳಿಯುವಂತೆ ಕನ್ನಡದಲ್ಲಿ ಹೇಳುತ್ತ ಹೋದ. ಒಳಗೆ ನೀರು ಕಡಿಮೆಯಾಗುತ್ತಿತ್ತಂತೆ, ಆದರೆ ಸೂಚಕ ನೋಡಿದವರಿಗೆ ಬೇಕಾದಷ್ಟಿದೆ ಎಂದು ಕಂಡಿತಂತೆ. ಎಚ್ಚರಿಕೆಯ ಗಂಟೆಗಳು ಎಷ್ಟು ಬಡಿದುಕೊಂಡರೂ ಯಾವುದನ್ನು ನಂಬಬೇಕೆಂದು ಯಾರಿಗೂ ತಿಳಿಯಲಿಲ್ಲವಂತೆ. ಓದುತ್ತ ಓದುತ್ತ ಅವನ ಮುಖ ಗಂಭೀರವಾಯಿತು. ನನಗೆ ಮಾತ್ರ ನಗು ತಡೆಯಲಾಗಲಿಲ್ಲ.

"ಯಾಕ ನಗತೀರಿ ಅಜ್ಜಾರ? ಇದು ನಗೂ ವಿಷಯ ಅಲ್ರಿ," ಎಂದ ಅವನು ಸ್ವಲ್ಪ ಸಿಟ್ಟಿನಿಂದ.

"ಇದನ್ನ ನಾ ಮಾಡೇನಪಾ," ಎಂದೆ. "ಅಣು ಒಂದು ಇರಲಿಲ್ಲ, ಅಷ್ಟ."

ಆ ದಿನ ಹೇಳಿದ್ದನ್ನು ಈಗ ಬರೆದಿಡುತ್ತಿದ್ದೇನೆ. ಕೆಲಸಕ್ಕೆ ಹೊಸದಾಗಿ ಸೇರುವವರು ಓದಲಿ ಎಂದು. ಅಣುವೇ ಇರಲಿ, ಕಟ್ಟಿಗೆಯೇ ಇರಲಿ, ಕೊನೆಗೆ ಮಾಡುವುದು ನೀರು ಕಾಯಿಸಿ ಉಗಿ ಎಬ್ಬಿಸುವ ಕೆಲಸವನ್ನೇ. ಒಲೆ ಬೇರೆ ಅಷ್ಟೇ. ಒಲೆ ಮುಂದೆ ಕೂತ ಮನುಷ್ಯ ಎಲ್ಲ ಕಡೆಯೂ ಒಬ್ಬನೇ, ಅವನಿಗೆ ಹಬ್ಬ ಬರುತ್ತದೆ, ನಿದ್ದೆ ಬರುತ್ತದೆ, ಊರಿಗೆ ಹೋಗುವ ಬಸ್ಸಿನ ಚಿಂತೆ ಇರುತ್ತದೆ.

ನನ್ನ ಊರು ಮುಂಡಗೋಡ ತಾಲೂಕಿನ ಮಳಗಿ. ಹೊಲ ಮಾಡುವ ಮನೆತನ. ಐವತ್ತರ ದಶಕದ ಕೊನೆಯಲ್ಲಿ ನಾನು ಹಳಿಯಾಳದಿಂದ ದಾಂಡೇಲಿಗೆ ಹೋಗುವ ರಸ್ತೆಯ ಮಗ್ಗುಲಿದ್ದ ಒಂದು ಖಾಸಗಿ ಕಟ್ಟಿಗೆ ಕಾರ್ಖಾನೆ ಸೇರಿದೆ. ಅದರ ಹೆಸರು ಬೇಡ. ಅದು ಮುಚ್ಚಿ, ಮಾಲಕರು ಹೋಗಿ, ಜಾಗದಲ್ಲಿ ಈಗ ಮುಳ್ಳುಕಂಟಿ ಬೆಳೆದಿದೆ. ತೇಗ, ಮತ್ತಿ ಕೊಯ್ಯುವ ದೊಡ್ಡ ಗರಗಸಗಳು ಅಲ್ಲಿದ್ದವು. ಅವುಗಳನ್ನು ತಿರುಗಿಸಲು ಒಂದು ಉಗಿ ಎಂಜಿನ್ ಇತ್ತು, ಎಂಜಿನ್ನಿಗೆ ಉಗಿ ಕೊಡಲು ಒಂದು ಹಳೆಯ ಬಾಯ್ಲರ್ ಇತ್ತು. ಅದೇ ಉಗಿಯಿಂದ ಕೂಲಿಕಾರರ ವಸತಿಗೆ ನೀರೆತ್ತುತ್ತಿದ್ದೆವು, ಸಂಜೆ ದೀಪವನ್ನೂ ಹಚ್ಚುತ್ತಿದ್ದೆವು. ಸುತ್ತಲಿನ ಊರುಗಳಲ್ಲಿ ಇನ್ನೂ ಕಂದೀಲು ಇದ್ದಾಗ ನಮ್ಮ ವಸತಿಯಲ್ಲಿ ಬಲ್ಬು ಉರಿಯುತ್ತಿತ್ತು. ನಮ್ಮ ಜಂಬ ಕೇಳಬೇಡಿ. ಬೀಗರು ಬಂದರೆ ಕತ್ತಲಾಗುವ ತನಕ ಹೋಗಲು ಬಿಡುತ್ತಿರಲಿಲ್ಲ.

ನನಗೆ ಕೆಲಸ ಕಲಿಸಿದವರು ಗುರುಪಾದಪ್ಪ ಮೇಸ್ತ್ರಿ. ಧಾರವಾಡ ಕಡೆಯವರು. ಹಣೆಯ ತುಂಬ ವಿಭೂತಿ, ಬಾಯಿಯ ತುಂಬ ಎಲೆ ಅಡಿಕೆ, ತಲೆಯ ತುಂಬ ಬಾಯ್ಲರ್. ಮೊದಲ ದಿನ ನನ್ನನ್ನು ಬಾಯ್ಲರಿನ ಮುಂದೆ ನಿಲ್ಲಿಸಿ, ಎತ್ತರದಲ್ಲಿದ್ದ ಒಂದು ಗೇಣುದ್ದದ ಗಾಜಿನ ನಳಿಗೆ ತೋರಿಸಿದರು. ಬಾಯ್ಲರಿನ ಹೊಟ್ಟೆಯಲ್ಲಿ ನೀರು ಎಲ್ಲಿಯವರೆಗೆ ಇದೆಯೋ ಆ ಗಾಜಿನಲ್ಲೂ ಅಲ್ಲಿಯವರೆಗೇ ಇರುತ್ತದೆ. ಅರ್ಧ ಗಾಜು ನೀರಿದ್ದರೆ ಎಲ್ಲ ಸುರಳೀತ.

"ಇಕಿ ನಿನ್ನ ಹೇಣ್ತಿ ಅಂತ ತಿಳಕೊ. ಇಕಿ ಮ್ಯಾಲಿನ ಕಣ್ಣು ತೆಗೀಬ್ಯಾಡ," ಎಂದರು ಮೇಸ್ತ್ರಿ.

"ನಂದು ಇನ್ನೂ ಲಗ್ನ ಆಗಿಲ್ರೀ."

"ಹಂಗಾರ ಭಾಳ ಚಲೋ ಆತು. ಜಗಳಕ್ಕ ಇನ್ನೊಬ್ಬಾಕಿ ಇಲ್ಲ."

ಆಮೇಲೆ ನಗು ಬಿಟ್ಟು ಎರಡು ಮಾತು ಹೇಳಿದರು. ಗಾಜು ಪೂರ್ತಿ ತುಂಬಿದರೂ ಪೂರ್ತಿ ಖಾಲಿಯಾದರೂ ಕಣ್ಣಿಗೆ ಒಂದೇ ತರ ಕಾಣುತ್ತದೆ, ಆದ್ದರಿಂದ ನೀರಿನ ಗೆರೆಯನ್ನು ಹುಡುಕಬೇಕು. ಮತ್ತೆ ಆ ಗೆರೆ ಸಣ್ಣಗೆ ಕುಣಿಯುತ್ತಿರಬೇಕು. "ಜೀವ ಇದ್ದ ನೀರು ಸುಮ್ನ ನಿಂದರೂದಿಲ್ಲ. ಗೆರಿ ಅಳ್ಳಾಡಲಿಲ್ಲಂದ್ರ ನಂಬಬ್ಯಾಡ." ಅದಕ್ಕಾಗಿ ಪ್ರತಿ ಪಾಳಿಯ ಶುರುವಿನಲ್ಲಿ ಗಾಜಿನ ಕೆಳಗಿನ ತಿರುಗಣಿ ಬಿಚ್ಚಿ, ನೀರನ್ನು ಭುಸ್ಸೆಂದು ಹೊರಬಿಟ್ಟು, ಮತ್ತೆ ಮುಚ್ಚಿದಾಗ ಅದು ಜಿಗಿದು ತನ್ನ ಜಾಗಕ್ಕೆ ಬರುತ್ತದೋ ಇಲ್ಲವೋ ನೋಡಬೇಕು. ಇದಕ್ಕೆ ನಾವು ಗಾಜು ಊದುವುದು ಎನ್ನುತ್ತಿದ್ದೆವು.

ನಾನು ಮೊದಲ ಸಲ ಒಬ್ಬನೇ ಗಾಜು ಊದಿದ ದಿನ ಮ್ಯಾನೇಜರ್ ಸಾಹೇಬರು ನೋಡಲು ಬಂದು ಸರಿಯಾಗಿ ಕೊಳವೆಯ ಬಾಯಿಗೆ ನಿಂತಿದ್ದರು. ನಾನು ಹಿಂದುಮುಂದು ನೋಡದೆ ತಿರುಗಣಿ ಬಿಚ್ಚಿದೆ. ತುಕ್ಕಿನ ಕೆಂಪು ನೀರು ನೆಲಕ್ಕೆ ಬಡಿದು ಅವರ ಬಿಳಿ ಪ್ಯಾಂಟಿನ ಮೊಣಕಾಲವರೆಗೆ ರಂಗೋಲಿ ಬರೆಯಿತು. ಸಾಹೇಬರು ಮರಾಠಿಯಲ್ಲಿ ಏನು ಬೈದರೋ ನನಗೆ ಅರ್ಥವಾಗಲಿಲ್ಲ. ಮೇಸ್ತ್ರಿಗೆ ಅರ್ಥವಾಯಿತು, ಹೇಳಲಿಲ್ಲ. ಅಂದಿನಿಂದ ಸಾಹೇಬರು ಬಾಯ್ಲರ್ ಮನೆಯೊಳಗೆ ಕಾಲಿಡಲಿಲ್ಲ. ಆಗ ನಾವೆಲ್ಲ ಪೀಡೆ ಕಳೆಯಿತೆಂದು ಖುಷಿಪಟ್ಟೆವು. ಆದರೆ ಹುಕುಂ ಕೊಡುವವನು ಜಾಗ ನೋಡದೆ ಹುಕುಂ ಕೊಡತೊಡಗಿದ್ದು ಅಲ್ಲಿಂದಲೇ. ಮುಂದಿನ ಅಪಘಾತದ ಕಾರಣಗಳನ್ನು ಎಣಿಸುವಾಗ ನಾನು ಆ ಪ್ಯಾಂಟನ್ನೂ ಎಣಿಸುತ್ತೇನೆ.

ಭಟ್ಟಿಗೆ ಕಟ್ಟಿಗೆ ಒಗೆಯುವ ಫೈರ್‌ಮನ್ ಇಮಾಮಸಾಬ. ಹಳಿಯಾಳದವನು, ನನಗಿಂತ ಹದಿನೈದು ವರ್ಷ ದೊಡ್ಡವನು. ನಾನು ಕಾಕಾ ಎನ್ನುತ್ತಿದ್ದೆ, ಅವನು ನನಗೆ ತಮ್ಮಾ ಎನ್ನುತ್ತಿದ್ದ. ಎಂಟು ಅಡಿ ಆಳದ ಭಟ್ಟಿಯಲ್ಲಿ ತುಂಡು ಎಲ್ಲಿ ಬೀಳಬೇಕೆಂದು ಹೇಳಿದರೆ ಅಲ್ಲೇ ಬೀಳುವಂತೆ ಒಗೆಯುವ ಕೈ. ಬಿಡುವಿದ್ದಾಗ ಬೂದಿಯಲ್ಲಿ ಗೆಣಸು ಸುಟ್ಟು ಎಲ್ಲರಿಗೂ ಹಂಚುತ್ತಿದ್ದ. ದಿನಾ ಬೆಳಿಗ್ಗೆ ಬಂದ ಕೂಡಲೇ ಏಣಿ ಹತ್ತಿ ಹೆಗಲ ವಸ್ತ್ರದಿಂದ ಗಾಜನ್ನು ಒರೆಸಿ ಇಳಿಯುತ್ತಿದ್ದ. ಅದು ಅವನ ಕೆಲಸವೆಂದು ಎಲ್ಲೂ ಬರೆದಿರಲಿಲ್ಲ. "ಗಾಜು ಹೊಲಸಿದ್ರ ನನಗ ಉಣ್ಣಾಕ ಸೇರೂದಿಲ್ಲ," ಎನ್ನುತ್ತಿದ್ದ.

ಇನ್ನು ಸೀಟಿಯ ಕಥೆ. ನೀರು ಕಡಿಮೆಯಾದರೆ ತಾನಾಗಿಯೇ ಕೂಗುವ ಒಂದು ಸೀಟಿ ಬಾಯ್ಲರಿನ ತಲೆಯ ಮೇಲಿತ್ತು. ಹಳೆಯದಾಗಿ ಅದರ ಬುದ್ಧಿ ಕೆಟ್ಟಿತ್ತು. ನೀರು ಸರಿಯಾಗಿದ್ದಾಗಲೂ ಮನಸ್ಸು ಬಂದರೆ ಕೂಗುತ್ತಿತ್ತು. ಅದರ ಮನಸ್ಸು ಬರುತ್ತಿದ್ದುದು ಹೆಚ್ಚಾಗಿ ಮಧ್ಯಾಹ್ನ ಊಟದ ನಂತರ, ಸಾಹೇಬರು ಬಂಗಲೆಯಲ್ಲಿ ಅಡ್ಡಾದ ಹೊತ್ತಿಗೆ. ಒಂದು ದಿನ ಅವರು ಬನಿಯನ್ನಿನಲ್ಲೇ ಹೊರಗೆ ಬಂದು ದೂರದಿಂದ ಕೂಗಿದರು.

"ಅರೇ ಮೇಸ್ತ್ರೀ, ಆ ಸೀಟಿ ಬಂದ್ ಕರಾ! ದುಪಾರಿ ಮನುಷ್ಯಾ ಮಲಗಬೇಕೋ ಬ್ಯಾಡೋ?"

ಮೇಸ್ತ್ರಿ ರಿಪೇರಿಗೆ ಬರೆದು ಕಳಿಸಿದರು. ರಿಪೇರಿಯವರು ಬರಲಿಲ್ಲ. ಸೀಟಿ ಕೂಗುತ್ತಲೇ ಇತ್ತು, ಸಾಹೇಬರೂ ಕೂಗುತ್ತಲೇ ಇದ್ದರು. ಕೊನೆಗೆ ಇಬ್ಬರಲ್ಲಿ ಒಬ್ಬರ ಬಾಯಿ ಮುಚ್ಚಬೇಕಾಗಿ ಬಂದು ಮೇಸ್ತ್ರಿ ತಮ್ಮ ಹಳೆಯ ಧೋತರದ ತುಂಡನ್ನು ಸೀಟಿಯ ಬಾಯಿಗೆ ತುರುಕಿ ತಂತಿ ಬಿಗಿದರು. ಅದೇ ದಿನಗಳಲ್ಲಿ ಇನ್ನೊಂದಾಯಿತು. ಬಾಯ್ಲರಿಗೆ ಎರಡು ಗಾಜುಗಳಿದ್ದವು, ಒಂದು ಸುಳ್ಳು ಹೇಳಿದರೆ ಇನ್ನೊಂದು ಹೇಳಲಿ ಎಂದು. ಬಲಗಡೆಯದು ಒಡೆಯಿತು. ಹುಬ್ಬಳ್ಳಿಯಿಂದ ಬೇರೆ ತರಿಸಬೇಕಿತ್ತು, ಬಂದಿರಲಿಲ್ಲ. ಒಂದರಿಂದ ಸಾಗಿಸುತ್ತಿದ್ದೆವು. ಯಾರಿಗೂ ಭಯವಿರಲಿಲ್ಲ. ದಿನವೂ ಸಾಗುತ್ತಿತ್ತಲ್ಲ.

ಹೀಗಿರುವಾಗ ಮಹಾನವಮಿ ಬಂತು. ಅರವತ್ತರ ದಶಕ ಆಗಷ್ಟೇ ಶುರುವಾಗಿತ್ತು. ನಮ್ಮ ಕಡೆ ಆ ದಿನ ಖಂಡೇಪೂಜೆ, ದುಡಿಯುವ ಸಾಮಾನುಗಳಿಗೆಲ್ಲ ಪೂಜೆ. ಒಮ್ಮೆ ಪೂಜೆಯಾದರೆ ಮರುದಿನ ಬನ್ನಿ ಕೊಟ್ಟು ತೆಗೆದುಕೊಳ್ಳುವವರೆಗೆ ಅವನ್ನು ಯಾರೂ ಮುಟ್ಟುವುದಿಲ್ಲ. ಗರಗಸ, ಕೊಡಲಿ, ಸುತ್ತಿಗೆ ಎಲ್ಲಕ್ಕೂ ಹೂವು ಏರಿಸಿದೆವು. ಬಾಯ್ಲರಿಗೆ ಚೆಂಡುಹೂವಿನ ದೊಡ್ಡ ಮಾಲೆ. ಮೇಸ್ತ್ರಿ ಭಟ್ಟಿಯ ಬಾಗಿಲಿಗೆ ವಿಭೂತಿ ಹಚ್ಚಿದರು. ನನಗೆ ಉಮೇದಿ ಬಂತು. ಏಣಿ ಹತ್ತಿದೆ. ಬಾಯ್ಲರಿನ ಕಣ್ಣೇ ಆ ಗಾಜಲ್ಲವೇ, ಅದನ್ನು ಬಿಟ್ಟರೆ ಹೇಗೆ? ನೀರಲ್ಲಿ ಕಲಸಿದ ವಿಭೂತಿಯನ್ನು ಮೂರು ಬೆರಳಲ್ಲಿ ತೆಗೆದು, ಗಾಜಿನ ನಡುವೆ ಚೆಂದಾಗಿ ಎಳೆದೆ.

"ಲೇ ಈರಣ್ಣಾ, ಗಾಜು ಕಾಣಬೇಕಲೇ!" ಎಂದರು ಕೆಳಗಿನಿಂದ ಮೇಸ್ತ್ರಿ.

ಹೆಬ್ಬೆರಳಿನಿಂದ ಒರೆಸಿದೆ. ಒರೆಸಿದೆ ಎಂದುಕೊಂಡೆ. ಒಂದು ಗೆರೆ ತೆಳ್ಳಗೆ ಉಳಿಯಿತು, ಗಾಜಿನ ಕಾವಿಗೆ ಒಣಗಿ ಅಂಟಿಕೊಂಡಿತು. ಅದು ಉಳಿದದ್ದು ಸರಿಯಾಗಿ ನಡುಮಧ್ಯೆ.

ಸಾಹೇಬರ ಮನೆಗೆ ಹಬ್ಬಕ್ಕೆ ನೆಂಟರು ಬಂದಿದ್ದರು, ಸಂಜೆ ದೀಪ ಬೇಕೇ ಬೇಕು ಎಂದು ಹೇಳಿಕಳಿಸಿದರು. ಪೂಜೆಯಾದ ಬಾಯ್ಲರನ್ನು ಮುಟ್ಟುವುದು ಹೇಗೆ? ಮೇಸ್ತ್ರಿ ತಲೆ ಕೆರೆದುಕೊಂಡು ಒಂದು ನಡುದಾರಿ ಹುಡುಕಿದರು. "ಬೆಂಕಿ ಹಾಕೂಣು, ದೀಪಾ ಹಚ್ಚೂಣು. ಆದ್ರ ಹೂವು ಕದಲಿಸೂದು ಬ್ಯಾಡ, ಪೂಜಾ ಕೆಡಿಸೂದು ಬ್ಯಾಡ." ಮಾಲೆ ಗಾಜಿನ ತಿರುಗಣಿಗೆ ಸುತ್ತಿತ್ತು. ಗಾಜು ಊದಿದರೆ ಪೂಜೆ ಕೆಟ್ಟಂತೆ. ಆದ್ದರಿಂದ ಆ ದಿನ ಊದಲಿಲ್ಲ. ಮರುದಿನ ದಶಮಿಯ ಬೆಳಿಗ್ಗೆಯೂ ಊದಲಿಲ್ಲ.

ದಶಮಿಯ ಬೆಳಿಗ್ಗೆ ಪಾಳಿ ನನ್ನದು ಮತ್ತು ಕಾಕಾನದು. ಹಬ್ಬದ ಸ್ನಾನಕ್ಕೆ ವಸತಿಗೆ ನೀರೆತ್ತಬೇಕಿತ್ತು. ಕಾಕಾ ಬೆಂಕಿ ಎಬ್ಬಿಸಿದ. ನಾನು ಕೆಳಗಿನಿಂದ ಗಾಜು ನೋಡಿದೆ. ಗೆರೆ ಸರಿಯಾಗಿ ಅರ್ಧಕ್ಕೆ. ಬಾಯ್ಲರಿಗೆ ನೀರು ಬಿಡುವ ಜರೂರಿಲ್ಲ ಎಂದುಕೊಂಡೆ. ಗೆರೆ ಒಂದಿಷ್ಟೂ ಕುಣಿಯುತ್ತಿರಲಿಲ್ಲ. ಅದೂ ನನ್ನ ಕಣ್ಣಿಗೆ ಬಿತ್ತು. ಹಬ್ಬವೆಂದು ಅದೂ ತಣ್ಣಗೆ ಕೂತಿದೆ ಎಂದು ನನಗೆ ನಾನೇ ಚೇಷ್ಟೆ ಮಾಡಿಕೊಂಡೆ. ಹುಡುಗರೇ, ಈ ಒಂದು ವಾಕ್ಯವನ್ನು ಎರಡು ಸಲ ಓದಿರಿ. ಉಳಿದದ್ದು ಮರೆತರೂ ನಡೆಯುತ್ತದೆ.

ಬನ್ನಿ ಹಂಚಲು ನನಗೆ ಮಳಗಿಗೆ ಹೋಗಬೇಕಿತ್ತು. ಪಾಳಿ ಮುಗಿಯುತ್ತಿದ್ದುದು ಎರಡು ಗಂಟೆಗೆ, ಬಸ್ಸು ಹೊರಡುತ್ತಿದ್ದುದೂ ಆಗಲೇ. ಪ್ರತಿ ಗಂಟೆಗೊಮ್ಮೆ ನೀರಿನ ಮಟ್ಟ ಬರೆಯುವ ಒಂದು ಪುಸ್ತಕವಿತ್ತು. ಹತ್ತು ಗಂಟೆಯ ಮಟ್ಟ ಬರೆದವನು, ಕೈ ಹೇಗೂ ಬಿಸಿಯಾಗಿದೆ ಎಂದು, ಮುಂದಿನದನ್ನೂ ಬರೆಯಲು ಕೂತೆ. ಹನ್ನೊಂದು ಗಂಟೆ, ಅರ್ಧ. ಹನ್ನೆರಡು ಗಂಟೆ, ಅರ್ಧ. ಒಂದು ಗಂಟೆಯದನ್ನು ಬರೆಯುತ್ತಿದ್ದಾಗ ಬಾಯ್ಲರಿನೊಳಗಿಂದ ದೊಡ್ಡ ಬಂಡೆಯೊಂದು ನೀರಿಗೆ ಬಿದ್ದಂಥ ಸದ್ದು ಬಂತು.

ಭಟ್ಟಿಯ ನೆತ್ತಿಯಲ್ಲಿ ಒಂದು ಸೀಸದ ಬಿರಡೆ ಕೂಡಿಸಿರುತ್ತಾರೆ. ಮೇಲೆ ನೀರಿರುವವರೆಗೆ ಅದು ಗಟ್ಟಿ. ನೀರು ತಪ್ಪಿದರೆ ಕಾದು ಕರಗುತ್ತದೆ, ಆಗ ಮೇಲಿನ ಉಗಿ ಭಟ್ಟಿಗೆ ಧುಮುಕಿ ಬೆಂಕಿಯನ್ನು ಆರಿಸುತ್ತದೆ. ನಾವು ಬಾಯಿ ಮುಚ್ಚಿಸಲು ಸಾಧ್ಯವಾಗದೆ ಉಳಿದಿದ್ದ ಒಂದೇ ಒಂದು ಎಚ್ಚರಿಕೆ ಅದು. ಅದು ತನ್ನ ಕೆಲಸ ಮಾಡಿತು. ಇಲ್ಲದಿದ್ದರೆ ಬಾಯ್ಲರ್ ಒಡೆದು ನಾನು ಇದನ್ನು ಬರೆಯಲು ಉಳಿಯುತ್ತಿರಲಿಲ್ಲ. ಆದರೆ ಅದೇ ಕ್ಷಣಕ್ಕೆ ಕಾಕಾ ಕಟ್ಟಿಗೆ ಒಗೆಯಲು ಭಟ್ಟಿಯ ಬಾಗಿಲು ತೆಗೆದಿದ್ದ. ಉಗಿ, ಕೆಂಡ, ಬೂದಿ ಒಟ್ಟಿಗೆ ಹೊರಗೆ ನುಗ್ಗಿದವು. ಬಾಗಿಲಿನ ನೇರಕ್ಕೆ ಮೇಜಿನ ಮೇಲೆ ತಲೆ ಬಗ್ಗಿಸಿ ನಾನು ಕೂತಿದ್ದೆ. ಕಾಕಾ ಪಕ್ಕಕ್ಕೆ ಹಾರಬಹುದಿತ್ತು. ಹಾರಲಿಲ್ಲ. ಎರಡೂ ಕೈಗಳಿಂದ ಆ ಕಬ್ಬಿಣದ ಬಾಗಿಲನ್ನು ದಬ್ಬಿ ಮುಚ್ಚಿ, ಚಿಲಕ ಬೀಳುವವರೆಗೆ ಹಿಡಿದು ನಿಂತ.

ಹೊಗೆ ಇಳಿದಾಗ ಅವನು ಗೋಡೆಗೊರಗಿ ಕೂತಿದ್ದ, ಕೈಗಳನ್ನು ಮುಂದೆ ಚಾಚಿಕೊಂಡು. "ನಿನಗೇನೂ ಆಗಿಲ್ಲಲ್ಲ ತಮ್ಮಾ?" ಎಂದು ಕೇಳಿದ. ನನಗೆ ಏನೂ ಆಗಿರಲಿಲ್ಲ. ಲೇಖಣಿ ಸಹ ಕೈಯಲ್ಲೇ ಇತ್ತು.

ಅವನನ್ನು ಹಳಿಯಾಳದ ದವಾಖಾನೆಗೆ ಸಾಗಿಸಿದರು. ಬಾಯ್ಲರ್ ತಣ್ಣಗಾಯಿತು, ವಸತಿಯಲ್ಲಿ ದೀಪ ಹೋಯಿತು, ಕಂದೀಲುಗಳು ಅಟ್ಟದಿಂದ ಇಳಿದವು. ಎರಡನೆಯ ದಿನ ಸಾಹೇಬರು ನನ್ನನ್ನು ಬಂಗಲೆಗೆ ಕರೆಸಿದರು. ಮೇಜಿನ ಮೇಲೆ ನನ್ನ ಪುಸ್ತಕ ಇತ್ತು. ಅಪಘಾತವಾದ ಮೇಲೂ ಎರಡು ಗಂಟೆಗಳ ಕಾಲ ಬಾಯ್ಲರಿನಲ್ಲಿ ಅರ್ಧ ಗಾಜು ನೀರಿತ್ತೆಂದು ಸಾರುವ ಪುಸ್ತಕ. ಅವರು ಬೈಯಲಿಲ್ಲ. ಅದಕ್ಕೇ ನನಗೆ ಹೆದರಿಕೆಯಾಯಿತು.

"ಹೇ ಪಾನ, ಈ ಹಾಳಿ, ಹರಿದು ಹೊಸಾದು ಬರಿ," ಎಂದರು. "ಫೈರ್‌ಮನ್ ಮಲಗಿದ್ದ, ಹೇಳಿದ್ರೂ ನೀರು ಬಿಡಲಿಲ್ಲ, ಹಂಗ ಬರಿ. ಸಹಿ ಮಾಡು. ನಿನ್ನ ಸರ್ಟಿಫಿಕೇಟು ಉಳೀತದ. ಇನ್ಸ್‌ಪೆಕ್ಟರ್ ಯೇಣಾರ, ಪರವಾ."

ನಾಳಿದ್ದು ಬಾಯ್ಲರ್ ಇನ್ಸ್‌ಪೆಕ್ಟರ್ ಬರುವವರಿದ್ದರು. ನಾನು ಹೂಂ ಎನ್ನಲಿಲ್ಲ, ಉಹೂಂ ಎನ್ನಲೂ ಇಲ್ಲ. ಹಾಳೆ ತೆಗೆದುಕೊಂಡು ಬಂದೆ. ಧೈರ್ಯಶಾಲಿಯಾಗಿದ್ದೆ ಎಂದು ಈಗ ಬರೆಯಬಹುದು, ಕೇಳುವವರು ಯಾರೂ ಉಳಿದಿಲ್ಲ. ಆದರೆ ಆಗ ನನ್ನ ತಲೆಯಲ್ಲಿ ಇದ್ದದ್ದು ಬಾಯ್ಲರ್ ನಡೆಸಲು ಸರ್ಕಾರ ಕೊಟ್ಟಿದ್ದ ಆ ಸರ್ಟಿಫಿಕೇಟು ಒಂದೇ. ಮನೆತನದಲ್ಲಿ ಹೊಲ ಬಿಟ್ಟು ಹೊರಗೆ ನೌಕರಿ ಹಿಡಿದ ಮೊದಲನೆಯವನು ನಾನು. ಆ ಹಾಳೆಗೆ ಸಹಿ ಮಾಡಿದರೆ ಕಾಕಾನ ಕೆಲಸ ಹೋಗುತ್ತಿತ್ತು, ಮಲಗಿ ಬಾಯ್ಲರ್ ಸುಟ್ಟವನೆಂಬ ಹೆಸರೂ ಅಂಟುತ್ತಿತ್ತು. ಸುಟ್ಟ ಕೈ, ಮೇಲೆ ಆ ಹೆಸರು. ಅವನಿಗೆ ಎಲ್ಲಿ ಕೆಲಸ ಸಿಗಬೇಕು?

ಖಾಲಿ ಹಾಳೆಯನ್ನು ಕಿಸೆಯಲ್ಲಿಟ್ಟುಕೊಂಡೇ ದವಾಖಾನೆಗೆ ಹೋದೆ. ಕಾಕಾನ ಎರಡೂ ಕೈಗೆ ಮೊಣಕೈವರೆಗೆ ಬಟ್ಟೆ ಸುತ್ತಿದ್ದರು. ನನ್ನನ್ನು ನೋಡಿ ನಕ್ಕ. ನಾನು ಅಳುತ್ತ, ಬಾಯ್ಲರ್ ಖಾಲಿಯಾಗಿದ್ದರೂ ಗಾಜಿನಲ್ಲಿ ಅರ್ಧ ಹೇಗೆ ಕಂಡಿತೋ ತಿಳಿಯುತ್ತಿಲ್ಲ ಎಂದೆ.

"ಅದು ನೀರಲ್ಲ ತಮ್ಮಾ," ಎಂದ ಅವನು ಮೆಲ್ಲಗೆ. "ನೀ ಹಚ್ಚಿದ ಬೂದಿ. ಇಲ್ಲಿ ಮಕ್ಕೊಂಡು ಯಾಡ ದಿನಾ ಅದನ್ನ ವಿಚಾರ ಮಾಡೇನಿ. ದಿನಾ ನಾನ ಒರಸ್ತಿದ್ನೆಲ್ಲ? ಅವತ್ತ ಮುಂಜಾನೆನೂ ಏಣಿ ಹತ್ತಿದ್ದೆ. ನಿಮ್ಮ ದೇವರ ಬೂದಿ ಕಾಣಸ್ತು. ನನ್ನ ಕೈಲೆ ಒರಸಿದ್ರ ನಿಮಗ ಹೆಂಗ ಅನಸ್ತದೋ ಅಂತ ಹಂಗ ಇಳದೆ."

ನಾನು ವಿಭೂತಿ ಎಳೆದ ನನ್ನ ಮೂರು ಬೆರಳುಗಳನ್ನು ನೋಡಿಕೊಂಡೆ.

"ಸಾಹೇಬರ ಮುಂದ ಇದನ್ನ ಹೇಳಬ್ಯಾಡ," ಎಂದು ಅವನೇ ಮುಂದುವರಿಸಿದ. "ಪೂಜಾದಿಂದ ಹಿಂಗಾತು ಅಂದ್ರ ನಾಳೆ ಪೂಜಾನ ಬಂದ್ ಮಾಡ್ತಾರ. ಮೇಸ್ತ್ರಿ ಜೀವಾ ಬಿಟ್ಟಾನು. ನಂದ ತಪ್ಪು ಅಂತ ಬರಕೊಳ್ಳಲಿ. ನನಗ ಹಳಿಯಾಳದಾಗ ಅಣ್ಣತಮ್ಮರು ಅದಾರ."

ಕಿಸೆಯಲ್ಲಿದ್ದ ಹಾಳೆಯ ಸುದ್ದಿ ನಾನು ಎತ್ತಿರಲಿಲ್ಲ. ಅವನೇ ಊಹಿಸಿದ್ದ. ನನಗೆ ನನ್ನ ಬಗ್ಗೆ ಆದಷ್ಟು ನಾಚಿಕೆ ಬದುಕಿನಲ್ಲಿ ಮತ್ತೆ ಎಂದೂ ಆಗಿಲ್ಲ. ಆದರೂ ಸಹಿ ಮಾಡುವುದಿಲ್ಲ ಎಂದು ಆಗಲೇ ಗಟ್ಟಿ ಮಾಡಿಕೊಂಡೆನೆಂದು ಹೇಳಲಾರೆ.

ಇನ್ಸ್‌ಪೆಕ್ಟರ್ ಬಂದರು. ಮೈಸೂರು ಕಡೆಯ ತೆಳ್ಳಗಿನ ಮನುಷ್ಯ, ಕೈಯಲ್ಲಿ ಒಂದು ಸಣ್ಣ ಸುತ್ತಿಗೆ. ಭಟ್ಟಿಯೊಳಗೆ ತೆವಳಿ ಹೋಗಿ ಬಂದರು. ಮುಖವೆಲ್ಲ ಮಸಿ. ಸಾಹೇಬರು ಅಷ್ಟು ದಿನಗಳ ನಂತರ ಮೊದಲ ಸಲ ಬಾಯ್ಲರ್ ಮನೆಗೆ ಬಂದು, ಕೊಳವೆಯಿಂದ ದೂರ ನಿಂತು, ಫೈರ್‌ಮನ್ ಮಲಗಿದ್ದ ಕಥೆಯನ್ನು ಹೇಳುತ್ತಿದ್ದರು. ಇನ್ಸ್‌ಪೆಕ್ಟರ್ ಕೇಳುತ್ತ ಕೇಳುತ್ತ ತಲೆಯೆತ್ತಿ ಗಾಜಿನ ಕಡೆ ನೋಡಿದರು.

"ರಿಪೇರಿಗೆ ಮುಂಚೆ ನೀರು ಯಾಕ್ರೀ ತುಂಬಿಸಿದ್ರಿ?" ಎಂದು ಮೇಸ್ತ್ರಿಯನ್ನು ಕೇಳಿದರು. "ಅರ್ಧ ಗ್ಲಾಸ್ ಇದೆಯಲ್ಲಾ."

ಎಲ್ಲರೂ ಗಾಜು ನೋಡಿದರು. ಬಾಯ್ಲರ್ ಖಾಲಿ ಮಾಡಿ ಮೂರು ದಿನವಾಗಿತ್ತು. ಒಳಗೆ ತೆವಳಿ ಹೋಗಿ ಬಂದ ಮನುಷ್ಯನೇ, ಆ ಕಸುಬಿನಲ್ಲಿ ಕೂದಲು ನೆರೆದವನೇ, ಅರ್ಧ ಗಾಜು ನೀರು ಕಂಡಿದ್ದ. ಮೇಸ್ತ್ರಿ ಬಾಯಿ ತೆರೆದರು, ಎಲೆ ಅಡಿಕೆ ಹಾಗೇ ಉಳಿಯಿತು. ನನಗೆ ಅಳು ಬರಬೇಕಾದ ಜಾಗದಲ್ಲಿ ನಗು ಬಂತು, ನಗುತ್ತ ನಗುತ್ತಲೇ ಅಳು ಬಂತು.

"ಸಾಹೇಬರ, ಅದು ನೀರಲ್ರೀ, ವಿಭೂತಿ. ನಾನ ಹಚ್ಚಿದ್ದು," ಎಂದೆ ಇನ್ಸ್‌ಪೆಕ್ಟರಿಗೆ. ಒಂದು ಮಾತು ಹೊರಬಿದ್ದ ಮೇಲೆ ಉಳಿದವು ತಾವಾಗಿಯೇ ಬಂದವು. ಊದದ ಗಾಜು, ಮುಂಚೆಯೇ ಬರೆದಿಟ್ಟ ಪುಸ್ತಕ, ಕಿಸೆಯ ಹಾಳೆ, ಬಾಗಿಲು ಹಿಡಿದು ನಿಂತ ಕಾಕಾ. ನನ್ನ ಹಿಂದೆಯೇ ಮೇಸ್ತ್ರಿ ಏಣಿ ಹತ್ತಿ, ಸೀಟಿಯ ಬಾಯಿಂದ ಧೋತರದ ತುಂಡು ಎಳೆದು ತೆಗೆದು, ಇನ್ಸ್‌ಪೆಕ್ಟರ್ ಕೈಗೆ ಕೊಟ್ಟರು. "ಇದು ನಂದ್ರಿ," ಎಂದರು. ಇನ್ಸ್‌ಪೆಕ್ಟರ್ ಆ ತುಂಡನ್ನು ನೋಡಿದರು, ಆಮೇಲೆ ಮ್ಯಾನೇಜರರನ್ನು ನೋಡಿದರು. ಸಾಹೇಬರು ಗೋಡೆಗೆ ಬಿದ್ದ ಮಸಿಯನ್ನು ಬಹಳ ಲಕ್ಷ್ಯಗೊಟ್ಟು ನೋಡುತ್ತಿದ್ದರು.

ಏಣಿ ಹತ್ತಿ ಉಗುರಿನಿಂದ ಗೆರೆಯನ್ನು ಕೆರೆದು ನೋಡಿದ ಇನ್ಸ್‌ಪೆಕ್ಟರ್ ಇಳಿದು ಬಂದು ಒಂದೇ ಮಾತು ಹೇಳಿದರು. "ನಾನೂ ಮೋಸ ಹೋದೆನಲ್ಲಪ್ಪಾ."

ಅವರು ಬರೆದ ಹುಕುಂ ನನಗಿನ್ನೂ ಬಾಯಿಪಾಠ. ನನ್ನ ಸರ್ಟಿಫಿಕೇಟು ಒಂದು ವರ್ಷ ಬಂದ್, ಅಲ್ಲಿಯವರೆಗೆ ನಾನು ಭಟ್ಟಿಗೆ ಕಟ್ಟಿಗೆ ಒಗೆಯಬೇಕು. ಇಮಾಮಸಾಬನ ತಪ್ಪಿಲ್ಲ, ಅವನನ್ನು ಕೆಲಸದಿಂದ ತೆಗೆಯಕೂಡದು. ಎರಡು ಗಾಜು ಇಲ್ಲದೆ ಬೆಂಕಿ ಹಾಕಕೂಡದು. ಸೀಟಿಯನ್ನು ರಿಪೇರಿ ಮಾಡಿಸಿ ದಿನಕ್ಕೊಮ್ಮೆ ಊದಿ ನೋಡಬೇಕು, ಮಧ್ಯಾಹ್ನ ಸರಿಯಾಗಿ ಎರಡು ಗಂಟೆಗೆ. ಆ ಹೊತ್ತನ್ನೇ ಯಾಕೆ ಆರಿಸಿದರೋ ಅವರನ್ನು ಯಾರೂ ಕೇಳಲಿಲ್ಲ. ನಮ್ಮ ವಸತಿಯಲ್ಲಿ ಎಷ್ಟೋ ತಿಂಗಳು ಜನ ಎರಡು ಗಂಟೆಗೆ ಕೆಲಸ ನಿಲ್ಲಿಸಿ ಬಂಗಲೆಯ ಕಡೆ ಕಿವಿಗೊಟ್ಟು ನಿಲ್ಲುತ್ತಿದ್ದರು.

ಪೂಜೆ ನಿಲ್ಲಲಿಲ್ಲ. ಆದರೆ ಮುಂದಿನ ಮಹಾನವಮಿಗೆ ಮೇಸ್ತ್ರಿ ಒಂದು ಹೊಸ ಪದ್ಧತಿ ತಂದರು. ಪೂಜೆಗೆ ಕೂಡುವ ಮುಂಚೆ ಇಮಾಮಸಾಬ ಏಣಿ ಹತ್ತಿ ಎರಡೂ ಗಾಜು ಒರೆಸಿ ಇಳಿಯಬೇಕು, ಆಮೇಲೆ ಕಾಯಿ ಒಡೆಯುವುದು. ಕಾರ್ಖಾನೆ ಮುಚ್ಚುವವರೆಗೆ ಅದು ನಡೆಯಿತು. ಕಾಕಾ ನಿವೃತ್ತನಾದ ಮೇಲೂ ಆ ಒಂದು ದಿನ ಅವನಿಗೆ ಕರೆ ಹೋಗುತ್ತಿತ್ತು.

ಅಣು ಸ್ಥಾವರದ ಅಪಘಾತವಾದರೆ ಅದರ ಪರಿಣಾಮ ಮಣ್ಣಲ್ಲಿ, ನೀರಲ್ಲಿ, ಹುಟ್ಟುವ ಮಕ್ಕಳ ಮೈಯಲ್ಲಿ ಬಹಳ ಕಾಲ ಉಳಿಯಬಹುದಂತೆ. ಹುಡುಗರು ಹೇಳಿದರು. ನಮ್ಮದು ಬರೀ ಉಗಿ, ಅರ್ಧ ತಾಸಿನಲ್ಲಿ ಗಾಳಿಗೆ ಹೋಯಿತು. ಭಟ್ಟಿಯ ನೆತ್ತಿ ಬದಲಾಯಿತು, ನಾಲ್ಕು ತಿಂಗಳಲ್ಲಿ ಬಲ್ಬುಗಳು ಮತ್ತೆ ಉರಿದವು. ಉಳಿದದ್ದು ಕಾಕಾನ ಕೈ. ಎಡಗೈ ಅಷ್ಟಿಷ್ಟು ಸುಧಾರಿಸಿತು. ಬಲಗೈಯ ಬೆರಳುಗಳು ಮಡಚದಂತೆ ಬಿಗಿದುಕೊಂಡವು. ಸಲಿಕೆ ಹಿಡಿಯಲು ಬರಲಿಲ್ಲ. ಅವನನ್ನು ಒಂದು ಸ್ಟೂಲಿನ ಮೇಲೆ ಕೂಡಿಸಿ ಗಾಜು ನೋಡುವ ಕೆಲಸ ಕೊಟ್ಟರು. ಹೀಗೆ ನಾವಿಬ್ಬರೂ ಅದಲುಬದಲಾದೆವು. ನಾನು ಬೆವರು ಸುರಿಸಿ ಕಟ್ಟಿಗೆ ಒಗೆಯುವುದು, ಅವನು ಮೇಲೆ ಕೂತು ಹುಕುಂ ಮಾಡುವುದು.

"ಎಡಕ್ಕ ಒಗಿಯೋ ತಮ್ಮಾ, ಎಡಕ್ಕ! ನಿನ್ನ ಕೈಯಾಗ ಕಟಿಗಿ ಅಲ್ಲ, ಕಡಬು ಇದ್ದಂಗ ಕಾಣಸ್ತೈತಿ."

ಪಾಳಿ ಮುಗಿದು ಕೈಕಾಲು ತೊಳೆದ ಮೇಲೆ ಒಂದು ಕೆಲಸ ಬಾಕಿ ಇರುತ್ತಿತ್ತು. ಕಾಕಾನಿಗೆ ಅಂಗಿಯ ಗುಂಡಿ ಹಾಕಿಕೊಳ್ಳಲು ಬರುತ್ತಿರಲಿಲ್ಲ. ದವಾಖಾನೆಯಿಂದ ಬಂದ ಮೊದಲ ದಿನ ಅವನು ಗುಂಡಿಯ ಜೊತೆ ಹೆಣಗಾಡುವುದನ್ನು ನೋಡಲಾರದೆ ನಾನೇ ಹೋಗಿ ಹಾಕಿದೆ. ಆಮೇಲೆ ದಿನಾ ಅವನು ನನ್ನ ಮುಂದೆ ಬಂದು ಎದೆ ಮುಂದೆ ಮಾಡಿ ನಿಲ್ಲುತ್ತಿದ್ದ, ನಾನು ಕೆಳಗಿನಿಂದ ಮೇಲಕ್ಕೆ ಐದೂ ಗುಂಡಿ ಹಾಕುತ್ತಿದ್ದೆ. ಒಂದು ವರ್ಷ ಕಳೆದು ನನ್ನ ಸರ್ಟಿಫಿಕೇಟು ವಾಪಸು ಬಂತು. ಲಗ್ನವಾಯಿತು. ಮಕ್ಕಳಾದವು. ಗುಂಡಿ ಹಾಕುವುದು ತಪ್ಪಲಿಲ್ಲ. ಹಗಲೆಲ್ಲ ಎಷ್ಟೇ ನಗುತ್ತಿದ್ದರೂ ಆ ಬಿಗಿದ ಬೆರಳು ಕಂಡಾಗ ನನ್ನೊಳಗೆ ಏನೋ ಹಿಂಡುತ್ತಿತ್ತು. ಗುಂಡಿ ಹಾಕಿ ಮುಗಿಸಿದಾಗ ಆ ದಿನದ ಮಟ್ಟಿಗೆ ಅದು ಸಡಿಲಾಗುತ್ತಿತ್ತು. ಆ ಕೆಲಸವೂ ಇರದಿದ್ದರೆ ನಾನು ಅಲ್ಲಿ ನೌಕರಿ ಮಾಡಿಕೊಂಡು ಉಳಿಯುತ್ತಿದ್ದೆನೋ ಇಲ್ಲವೋ.

ಆರೇಳು ವರ್ಷಗಳ ನಂತರ ಒಂದು ಶುಕ್ರವಾರ, ರಜೆಯ ದಿನ, ಹಳಿಯಾಳದ ಸಂತೆಗೆ ಹೋದವನು ಹೇಳದೆ ಕೇಳದೆ ಕಾಕಾನ ಮನೆಗೆ ಹೊರಟೆ. ಓಣಿಯ ತಿರುವಿನಲ್ಲೇ ಕಾಲು ನಿಂತಿತು. ಕಾಕಾ ನಮಾಜಿಗೆ ಹೊರಟು ಹೊಸ್ತಿಲ ಮೇಲೆ ನಿಂತಿದ್ದ. ಹೆಂಡತಿಯ ಜೊತೆ ಏನೋ ಮಾತಾಡುತ್ತ, ಕಣ್ಣನ್ನೂ ಕೆಳಗೆ ಹಾಕದೆ, ಎಡಗೈಯ ಎರಡು ಬೆರಳಲ್ಲಿ ಅಂಗಿಯ ಗುಂಡಿಗಳನ್ನು ಒಂದೊಂದಾಗಿ ಸಲೀಸಾಗಿ ಹಾಕಿಕೊಳ್ಳುತ್ತಿದ್ದ. ಅದು ಇವತ್ತು ನಿನ್ನೆ ಕಲಿತ ಕೈ ಅಲ್ಲ. ವರ್ಷಗಳ ರೂಢಿ.

ನಾನು ಕಾಣಿಸಿಕೊಳ್ಳದೆ ತಿರುಗಿ ಬಂದೆ. ಸಂತೆಯ ನಡುವೆ ಕಣ್ಣು ಒರೆಸಿಕೊಳ್ಳುತ್ತ ನಡೆದವನನ್ನು ನೋಡಿ ಮೆಣಸಿನಕಾಯಿ ಮಾರುವವಳು ತನ್ನ ಮಾಲಿನ ಘಾಟು ಎಂದುಕೊಂಡಿರಬೇಕು.

ಮರುದಿನ ಪಾಳಿ ಮುಗಿಯಿತು. ಕಾಕಾ ಕೈಕಾಲು ತೊಳೆದು, ಅಂಗಿ ತೊಟ್ಟು, ಎಂದಿನಂತೆ ನನ್ನ ಮುಂದೆ ಬಂದು ಎದೆ ಮುಂದೆ ಮಾಡಿ ನಿಂತ. ನಾನು ಅವನ ಮುಖ ನೋಡಲಿಲ್ಲ. ಕೆಳಗಿನಿಂದ ಶುರು ಮಾಡಿ ಒಂದೊಂದೇ ಗುಂಡಿ ಹಾಕುತ್ತ ಮೇಲೆ ಬಂದೆ.

"ಮ್ಯಾಲಿಂದು ಒಂದು ಬಿಡು ತಮ್ಮಾ," ಎಂದ ಕಾಕಾ. "ಸೆಕಿ ಭಾಳ ಐತಿ."